ಕಂಬಳಿಯ ಹಾಸಿನ ಎಳೆಗೆ ಮರಿ ಉಣ್ಣೆ: ನನ್ನ ಅನುಭವ

"ಉಣ್ಣಿ ಮಾರಿ ಯಾರರ ಉದ್ಧಾರ ಆಗ್ಯಾರೇನೋ ತಮ್ಮಾ?" ನಾಲ್ಕು ವರ್ಷದ ಹಿಂದೆ ನಮ್ಮ ಕಾಕಾ ಕೇಳಿದ ಮಾತಿದು. ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿಯೇ ಇತ್ತು. ಒಂದು ಕುರಿಗೆ ಕತ್ತರಿ ಹಾಕಲು 25 ರೂಪಾಯಿ ಕೂಲಿ. ಸಿಗುವುದು ಕಾಲು ಕಿಲೋ, ಜಾಸ್ತಿ ಅಂದರೆ 300 ಗ್ರಾಂ. ವ್ಯಾಪಾರಿ ಕೊಡುತ್ತಿದ್ದದ್ದು ಕಿಲೋಗೆ 15ರ ಆಸುಪಾಸು. ಎಷ್ಟೋ ಮಂದಿ ಉಣ್ಣೆಯನ್ನು ಹೊಲದ ಬದುವಿಗೇ ಎಸೆದು ಮುಂದೆ ಹೋಗುತ್ತಿದ್ದರು.

ನಾನೂ ತೂಕ ಬರಲಿ ಅಂತ ಮಂದೆಗೆ ಎಳಗ ತಳಿಯ ಟಗರು ಬಿಟ್ಟಿದ್ದೆ. ಮರಿಗಳು ಎತ್ತರಕ್ಕೆ ಬೆಳೆದವು, ಸಂತೆಯಲ್ಲಿ ರೇಟೂ ಬಂತು. ಆದರೆ ಮೈಮೇಲೆ ಉಣ್ಣೆ ಹೋಗಿ ಬರೀ ಕೂದಲು. ಮನೆಯ ಗುಂಡಿ ಮಗ್ಗಕ್ಕೆ ನೂಲೇ ಇಲ್ಲದಂತಾಯಿತು. ಮಿಲ್ಲಿನ ನೂಲು ತಂದು 12 ಕಂಬಳಿ ನೇಯ್ದೆ. ಮಳೆಗೆ ನೀರು ಕುಡಿದು ಭಾರವಾದವು ಅಂತ ಕುರಿಗಾರರು ವಾಪಸ್ ತಂದರು. ಕುರಿಗಾರರ ದೇವರು ಬೀರಪ್ಪನ ಗದ್ದುಗೆಗಂತೂ ಯಾರೂ ಅದನ್ನು ಹಾಸಲಿಲ್ಲ. ಸುಮಾರು 14 ಸಾವಿರ ಕೈಬಿಟ್ಟಿತು.

ಎಳಗ ಮಾರಿ ಜವಾರಿ ಕರಿ ಟಗರು ಕೊಂಡುಕೊಂಡೆ, ಅಪ್ಪಟ ದಖ್ಖನಿ, ಉಣ್ಣೆಯ ತಳಿ. ತೊಡೆಯ ಹತ್ತಿರ ಉಣ್ಣೆ ಬಿಡಿಸಿ ನೋಡಿಯೇ ಆರಿಸಿದೆ. ಗಡಸು ಕೂದಲು ಜಾಸ್ತಿ ಕಂಡರೆ ಆ ಟಗರು ಬೇಡ. ಮತ್ತೆರಡು ಗುರುತು ಇವೆ, ಅವು ನನ್ನ ಹತ್ತಿರವೇ ಇರಲಿ.

ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಬೇರೆ ಚೀಲಕ್ಕೆ ತುಂಬಿದೆ. ಹಾಸಿನ, ಅಂದರೆ ಮಗ್ಗದ ಉದ್ದದ ಎಳೆಗೆ ಅದೇ; ಹೊಕ್ಕಿನ, ಅಂದರೆ ಅಡ್ಡ ಎಳೆಗೆ ದೊಡ್ಡ ಕುರಿಯದು. ಮರಿ ಉಣ್ಣೆ ಮೆತ್ತಗೆ, ಮಗ್ಗದ ಜಗ್ಗಾಟ ತಡೆಯಲ್ಲ ಅಂತ ಎಲ್ಲರೂ ಹೇಳಿದರು. ಮೊದಲ ಹಾಸು ಹರಿದದ್ದೂ ನಿಜ, ಅರ್ಧ ದಿನದಲ್ಲಿ ಮೂವತ್ತು ಎಳೆ. ತಪ್ಪು ಉಣ್ಣೆಯದಲ್ಲ, ಎಳೆ ಗಟ್ಟಿಯಾಗಲಿ ಅಂತ ಬಳಿಯುವ ಗಂಜಿಯದು. ಅವಸರಕ್ಕೆ ಮೈದಾ ಗಂಜಿ ಬಳಿದಿದ್ದೆ. ಮೋಡದ ದಿನ ಅದು ಒಣಗದೆ ಹುಳಿ ನಾತ ಹೊಡೆಯಿತು, ರಾತ್ರಿ ಇಲಿ ಬಂದು ಕಡಿದವು. ಆಮೇಲೆ ಗಂಜಿಗೆ ತಂದ ಅಂಗಡಿಯ ಹುಣಸೆಬೀಜದ ಪುಡಿಯಲ್ಲಿ ಸಿಪ್ಪೆಯ ಚೂರು ಇತ್ತು, ಎಳೆಗೆ ಗಂಟು ಕಟ್ಟಿತು.

ಕೊನೆಗೆ ಅವ್ವ ಮಾಡುತ್ತಿದ್ದ ಹಾಗೇ ಮಾಡಿದೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ನುಣ್ಣಗೆ ಅರೆದು ಕುದಿಸಿದೆ. ಅದ್ದಿದ ಎರಡು ಬೆರಳನ್ನು ಮೆಲ್ಲಗೆ ಅಗಲಿಸಿದರೆ ನಡುವೆ ಒಂದು ಎಳೆ ನಿಲ್ಲಬೇಕು, ಹರಿಯಬಾರದು. ಅಲ್ಲಿಗೆ ಒಲೆಯಿಂದ ಇಳಿಸಿ. ಕುದಿಯುವಾಗ ಒಂದು ವಸ್ತು ಸೇರಿಸುತ್ತೇನೆ, ಅದು ಮನೆಯ ಗುಟ್ಟು. ಹೊತ್ತು ಮೂಡುವ ಮೊದಲೇ ಬಯಲಲ್ಲಿ ಹಾಸು ಎಳೆದು ಕಟ್ಟಿ, ಕುಂಚವನ್ನು ಒಂದೇ ದಿಕ್ಕಿಗೆ ಎಳೆಯಿರಿ. ಬಿಸಿಲೇರಿದರೆ ಅಂಟು ಒಳಗೆ ಇಳಿಯಲ್ಲ.

ನಡುವೆ ಸುಮ್ನೆ ಮೇಕೆ ಕೂದಲು ಬೆರೆಸಿ ನೋಡಿದೆ. ಗಟ್ಟಿ ಬಂತು, ಆದರೆ ಕುತ್ತಿಗೆಗೆ ಚುಚ್ಚುತ್ತದೆ. ಬೂದು ಮರಿಯ ಉಣ್ಣೆಯನ್ನು ದಾಳಿಂಬೆ ಸಿಪ್ಪೆಯ ನೀರಲ್ಲಿ ಕುದಿಸಿದೆ, ಅದರ ಬಣ್ಣ ಇಂದಿಗೂ ನನಗೆ ಇಷ್ಟ.

ಈಗ ಒಂದು ಕಂಬಳಿಗೆ ಎರಡೂವರೆ ಕಿಲೋ ಉಣ್ಣೆ ಹಿಡಿಯುತ್ತದೆ. ರಾಟಿಯ ಮುಂದೆ ಅವ್ವನಿಗೆ ಹತ್ತು ಹನ್ನೆರಡು ದಿನ, ಮಗ್ಗದಲ್ಲಿ ನನಗೆ ಮೂರು ದಿನ. 3,200ಕ್ಕೆ ಕೊಡುತ್ತೇನೆ. ಅದರಲ್ಲಿ ನೂಲಿನ ಕೂಲಿ ಅಂತ 1,200 ಅವ್ವನ ಕೈಗೇ ಹೋಗುತ್ತದೆ. ಹೋದ ವರ್ಷ 20ರ ಮೇಲೆ ಮಾರಿದೆ, ಒಂದೂ ವಾಪಸ್ ಬರಲಿಲ್ಲ. ಸುತ್ತಲಿನ ಮಗ್ಗಗಳಲ್ಲಿ ಇಷ್ಟು ಕಡಿಮೆ ಎಳೆ ಹರಿಯುವುದು ನನ್ನದರಲ್ಲೇ.

ದೀಪಾವಳಿ ಕತ್ತರಿಗೆ 18 ಮರಿ ತಯಾರಾಗಿವೆ, ಅದರಲ್ಲಿ ಎರಡು ಬೂದು.