ಪೈಪಿನ ತುದಿ ತಿರುಗಿ ಬುಡಕ್ಕೆ ಬಂತು

ಹುಬ್ಬಳ್ಳಿ ದುರ್ಗದಬೈಲ್ ಹತ್ತಿರದ ಖಾನಾವಳಿ. ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸಿಗೆ ಬಂದಿದ್ದರು, ಪೈಪಿನ ಕೆಲಸ ನನ್ನದು. ಬೆಳಿಗ್ಗೆ ಎಲ್ಲ ಸರಿ. ಮಧ್ಯಾಹ್ನ ಐದೂ ಒಲೆ ಹಚ್ಚಿದರೆ ಕೊನೆಯ ಹಂಚಿನ ಕೆಳಗೆ ಉರಿ ಮಿಣಮಿಣ. ರೊಟ್ಟಿ ಉಬ್ಬುತ್ತಲೇ ಇರಲಿಲ್ಲ.

ಮೊದಲು ಜೆಟ್, ಅಂದರೆ ಒಲೆಗೆ ಗ್ಯಾಸ್ ಬಿಡುವ ಸಣ್ಣ ತೂತು, ಕೊರೆದು ದೊಡ್ಡದು ಮಾಡಿದೆ. ಉರಿ ಹಳದಿಯಾಯ್ತು, ಹಂಚಿನ ತಳಕ್ಕೆಲ್ಲ ಮಸಿ. ಜೆಟ್ಟೂ ದಂಡ. ಆಮೇಲೆ ಅರ್ಧ ಇಂಚಿನ ಪೈಪ್ ಕಿತ್ತು ಮುಕ್ಕಾಲು ಹಾಕಿದೆ. ಸುಮಾರು 18 ಸಾವಿರ ಹೋಯ್ತು, ಫರಕು ಅಷ್ಟಕ್ಕಷ್ಟೆ. ಮಾಲೀಕರು ಏನೂ ಅನ್ನಲಿಲ್ಲ, ಚಹಾ ಕೊಡೋದು ಮಾತ್ರ ನಿಲ್ಲಿಸಿದರು. ಜೊತೆಯವರದು ಒಂದೇ ಮಾತು, ರೆಗ್ಯುಲೇಟರ್ ತಿರುವಿ ಒತ್ತಡ ಏರಿಸು ಅಂತ. ಸೀಲ್ ಇದ್ದದ್ದನ್ನು ನಾನು ಮುಟ್ಟೋದಿಲ್ಲ.

ಕೊನೆಗೆ ಗ್ಯಾಸಿನ ಒತ್ತಡ ಅಳೆಯಲು ಪಾರದರ್ಶಕ ನಳಿಯನ್ನು U ಆಕಾರಕ್ಕೆ ಬಗ್ಗಿಸಿ, ನೀರು ತುಂಬಿ, ಪಕ್ಕಕ್ಕೆ ಸ್ಕೇಲ್ ಕಟ್ಟಿದೆ. ಮೀಟರ್ ಹತ್ತಿರ ಎರಡೂ ಬದಿಯ ನೀರಿನ ಮಟ್ಟಕ್ಕೆ 21 ಸೆಂಟಿಮೀಟರ್ ಅಂತರ, ಅಂದರೆ ಹೆಚ್ಚೂಕಡಿಮೆ 21 ಮಿಲಿಬಾರ್ ಒತ್ತಡ. ಅಲ್ಲಿ ತಪ್ಪಿಲ್ಲ. ಐದೂ ಒಲೆ ಹಚ್ಚಿಸಿ ತುದಿಯಲ್ಲಿ ನೋಡಿದರೆ 12ರ ಆಸುಪಾಸು. ಪೈಪ್ ಗೋಡೆ ದಾಟುವ ಕಡೆಯ ಸ್ಲೀವ್ ಕೊಳವೆಯೊಳಗೆ ಹಳೇ ಅರ್ಧ ಇಂಚಿನ ಗೇಣುದ್ದ ತುಂಡು ಹಾಗೇ ಉಳಿದಿತ್ತು, ಎರಡೂ ಕಡೆ ಎಲ್ಬೋ ತಿರುವು. ಗ್ಯಾಸ್ ಅಲ್ಲೇ ಇಕ್ಕಟ್ಟಿಗೆ ಸಿಕ್ಕುತ್ತಿತ್ತು. ನನ್ನದೇ ಸೋಮಾರಿತನ. ಈಗ ಗೋಡೆ ಒಡೆಯಲು ಮಾಲೀಕರು ಬಿಡಲೊಲ್ಲರು.

ಅಣ್ಣಿಗೇರಿ ಕಡೆ ತಮ್ಮನ ಮೆಣಸಿನಕಾಯಿ ಹೊಲದಲ್ಲಿ ಡ್ರಿಪ್ ಪೈಪಿನ ತುದಿಗಳನ್ನೆಲ್ಲ ಒಂದಕ್ಕೊಂದು ಕೂಡಿಸಿದ್ದು ನೆನಪಾಯ್ತು. ತುದಿಯ ಗಿಡಕ್ಕೂ ನೀರು ಸಮ. ಇಲ್ಲೂ ಹಾಗೇ ಮಾಡಿದೆ. ಮೀಟರ್ ಕಡೆಯಿಂದ ಕಿಟಕಿ ಬದಿಗೆ ಒಂದು ಇಂಚಿನ ಹೊಸ ಲೈನ್ ತಂದು ಕೊನೆಯ ಒಲೆಯ ತುದಿಗೆ ಜೋಡಿಸಿದೆ. ಗ್ಯಾಸ್ ಎರಡೂ ಕಡೆಯಿಂದ ಬರಬೇಕು. "ಇದೇನ್ ಹೊಲಾನಾ?" ಅಂತ ನಕ್ಕವರೇ ಜಾಸ್ತಿ. ಖರ್ಚು ಇನ್ನೊಂದು 25 ಸಾವಿರ ಇರಬೇಕು. ಅರ್ಧ ನನ್ನ ಜೇಬಿಂದಲೇ.

ಸೋರಿಕೆ ಟೆಸ್ಟಿನಲ್ಲಿ ಮತ್ತೆ ಪೇಚು. ಸಂಜೆ 1 ಬಾರ್ ಗಾಳಿ ತುಂಬಿ ಬಿಟ್ಟೆ. ಬೆಳಿಗ್ಗೆ 0.92. ಡಿಸೆಂಬರ್ ತಿಂಗಳು. ಅರ್ಧ ದಿನ ಸೋಪಿನ ನೀರು ಹಚ್ಚುತ್ತಾ ಕೂತೆ, ಒಂದು ಗುಳ್ಳೆ ಇಲ್ಲ. ಬಿಸಿಲೇರಿದಾಗ ಗೇಜಿನ ಮುಳ್ಳು ತಾನೇ ಮೇಲೆ ಬಂತು. ರಾತ್ರಿ ಚಳಿಗೆ ಗಾಳಿ ಕುಗ್ಗಿದ್ದು, ಅಷ್ಟೇ! ಆ ಸಿಟ್ಟಿನಲ್ಲೇ ಅಂಟವಾಳ ಕಾಯಿ ನೆನೆಸಿ ಆ ನೀರನ್ನೂ ಹಚ್ಚಿ ನೋಡಿದೆ. ಗುಳ್ಳೆ ಪುಡಿ ಸೋಪಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ.

ಈಗ ಐದೂ ಒಲೆ ಉರಿಯುವಾಗ ತುದಿಯಲ್ಲಿ 19 ನಿಲ್ಲುತ್ತದೆ. ನಕ್ಕವರಲ್ಲೇ ಒಬ್ಬರು ವಿದ್ಯಾನಗರದ ಒಂದು ಫ್ಲ್ಯಾಟಿಗೂ ಹೀಗೇ ಎರಡೂ ಕಡೆಯಿಂದ ಗ್ಯಾಸ್ ಬರುವ ರಿಂಗ್ ಹಾಕೋಣವೇ ಅಂತ ಫೋನ್ ಮಾಡಿದ್ದರು. ಒಂದೇ ಒಲೆಯ ಮನೆಗೆ ಯಾಕ್ರೀ ಅಂದೆ.