ಸುರಂಗದ ಬಾಯಲ್ಲಿ ಚಪ್ಪಲಿ ಹೂ

ನಮ್ಮ ಮನೆ ಪೆರ್ಲದಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಮನೆಯ ಹಿಂದಿನ ಬರೆಯಲ್ಲಿ ಒಂದು ಸುರಂಗ ಉಂಟು. ಮಾವನ ಅಪ್ಪನ ಕಾಲದಲ್ಲಿ ಮುರಕಲ್ಲು ಕೊರೆದು ತೋಡಿದ್ದು. ತಲೆ ಬಗ್ಗಿಸಿ ನಡೆಯುವಷ್ಟು ಎತ್ತರ, ಹೆಗಲಿಗೆ ಗೋಡೆ ತಾಗುವಷ್ಟು ಅಗಲ. ಒಳಗಿನಿಂದ ನೀರು ತಾನಾಗಿ ಹರಿದು ಬಂದು ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಕಾಸರಗೋಡಿನ ಗುಡ್ಡೆಗಳಲ್ಲಿ ಇಂಥ ಸುರಂಗಗಳು ಸಾವಿರಾರು. ನನ್ನ ಹನ್ನೊಂದು ಚಟ್ಟಿ ಸ್ಲಿಪ್ಪರ್ ಆರ್ಕಿಡ್, ಅಂದರೆ ಚಪ್ಪಲಿಯ ಮುಂಭಾಗದಂಥ ಚೀಲ ಇರುವ ಹೂವಿನ ಗಿಡ, ಇರುವುದು ಈ ಸುರಂಗದ ಬಾಯ ಪಕ್ಕದಲ್ಲೇ. ನಮ್ಮ ಕಡೆಯ ಸೆಕೆಗೆ ಇದು ಬದುಕುವುದಿಲ್ಲ ಎಂದು ಹೇಳಿದವರೇ ಜಾಸ್ತಿ. ಹಾಗಾಗಿ ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ನನಗೆ ಮೊದಲು ಆಸೆ ಹುಟ್ಟಿದ್ದು ಚಳಿ ದೇಶದ ಚಪ್ಪಲಿ ಹೂವಿನ ಮೇಲೆ. ಸಿಪ್ರಿಪೀಡಿಯಮ್ ಎಂದು ಅದರ ಹೆಸರು. ಯುರೋಪು, ಅಮೆರಿಕದ ಕಾಡುಗಳಲ್ಲಿ, ನಮ್ಮ ಹಿಮಾಲಯದ ಎತ್ತರದಲ್ಲಿಯೂ ನೆಲದಲ್ಲಿ ಬೆಳೆಯುತ್ತದೆ. ಹಿಮ ಬಿದ್ದಾಗ ಮೇಲಿನ ಗಿಡ ಪೂರಾ ಒಣಗಿ, ಗಡ್ಡೆಯಂಥ ಬೇರು ಮಾತ್ರ ಮಣ್ಣಿನೊಳಗೆ ಮಲಗುತ್ತದೆ. ವಸಂತದಲ್ಲಿ ಮತ್ತೆ ಏಳುತ್ತದೆ. ಅಲ್ಲಿನವರು ಅದನ್ನು ಚಟ್ಟಿಯಲ್ಲಿ ಬೆಳೆಸಿ ಹೊರಗೇ ಬಿಡುತ್ತಾರೆ. ಅದಕ್ಕೆ ಸುಮಾರು ಮೂರು ತಿಂಗಳು ಫ್ರಿಜ್ಜಿನೊಳಗಿನಂಥ ಚಳಿ ಬೇಕೇ ಬೇಕು. ನಮ್ಮಲ್ಲಿ ಮಾಗಿಯ ಬೆಳಗಿನ ಜಾವಕ್ಕೂ 18 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಹಾಗಾಗಿ ಆ ಆಸೆಯನ್ನು ಬಿಟ್ಟೆ.

ಅದರದ್ದೇ ಬಳಗದ ಇನ್ನೊಂದು ಗುಂಪು ಪ್ಯಾಫಿಯೊಪೆಡಿಲಮ್. ಬೆಳೆಸುವವರು ಪ್ಯಾಫ್ ಎಂದೇ ಕರೆಯುತ್ತಾರೆ. ಇದು ಏಷ್ಯಾದ ಗಿಡ, ವರ್ಷವಿಡೀ ಹಸಿರಾಗಿರುತ್ತದೆ. ನಮ್ಮ ಈಶಾನ್ಯ ರಾಜ್ಯಗಳಲ್ಲಿ ಹಲವು ಜಾತಿಗಳಿವೆ. ದಕ್ಷಿಣ ಭಾರತದಲ್ಲಿ ಒಂದೇ ಒಂದು, ಅಗಸ್ತ್ಯಮಲೆಯ ಎತ್ತರದಲ್ಲಿ. ಹಳದಿ ಹೂ, ನಡುವೆ ಕಂದು ಗೀಟು. 1865ರಲ್ಲಿ ಡ್ರೂರಿ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಕಣ್ಣಿಗೆ ಬಿದ್ದು, ಅವನ ಹೆಸರೇ ಅದಕ್ಕೆ ಬಂತು. ಆಮೇಲೆ ಆಸೆಬುರುಕರು ಕಿತ್ತು ಕಿತ್ತು, ಈಗ ಅಳಿವಿನ ಅಂಚಿನಲ್ಲಿದೆ. ಕಾಡಿನ ಪ್ಯಾಫ್ ಕೀಳುವುದು ನಮ್ಮ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಾನು ತಂದದ್ದೆಲ್ಲ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಗಿಡ, ಹೆಚ್ಚಿನವು ಮಿಶ್ರತಳಿ. ಪ್ರತಿಯೊಂದರ ಬಿಲ್ಲನ್ನೂ ಜೋಪಾನವಾಗಿ ಇಟ್ಟಿದ್ದೇನೆ.

ಗಿಡ ಕೊಳ್ಳುವವರಿಗೆ ಮೊದಲು ಹೇಳುವ ಮಾತು ಒಂದೇ. ಎಲೆ ನೋಡಿ. ಎಲೆಯ ಮೇಲೆ ತಿಳಿಹಸಿರು, ಕಡುಹಸಿರಿನ ಚಿತ್ತಾರ ಇದ್ದರೆ ಅದು ಸಾಮಾನ್ಯವಾಗಿ ಸೆಕೆ ತಡೆಯುವ ಗುಂಪು. ಎಲೆ ಉದ್ದಕ್ಕೆ, ಬರೀ ಹಸಿರಾಗಿದ್ದರೆ ಹೆಚ್ಚಾಗಿ ತಂಪು ಬೇಡುವ ಗುಂಪು. ನಾನು ಮೊದಲು ತಂದದ್ದು ಮೌಡಿಯೆ ಎಂಬ ತಳಿಯ ಮೂರು ಗಿಡ. 1900ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಏಷ್ಯಾ ಜಾತಿಗಳನ್ನು ಕೂಡಿಸಿ ಮಾಡಿದ ಹಳೆಯ ತಳಿ ಅದು. ಚಿತ್ತಾರದ ಎಲೆ, ಗಟ್ಟಿ ಜೀವ. ಹೂ ಇಲ್ಲದಾಗಲೂ ನೋಡಲು ಚಂದ.

ಆ ಮೂರರಲ್ಲಿ ಎರಡನ್ನು ನಾನೇ ಕೊಂದೆ. ಜಗಲಿಯಲ್ಲಿ ಡೆಂಡ್ರೋಬಿಯಮ್ ಆರ್ಕಿಡ್‌ಗಳು ಗೆರಟೆ ಇದ್ದಿಲು, ಇಟ್ಟಿಗೆ ಚೂರಿನಲ್ಲಿ ಸೊಂಪಾಗಿ ಬೆಳೆಯುತ್ತಿದ್ದವು. ಇದಕ್ಕೂ ಅದೇ ಸಾಕು ಅಂದುಕೊಂಡೆ. ಮಾರ್ಚ್ ಬಂತು. ಡೆಂಡ್ರೋಬಿಯಮ್‌ಗೆ ಕಬ್ಬಿನ ಗಣ್ಣಿನಂಥ ದಪ್ಪ ಕಾಂಡ ಉಂಟು, ಅದರಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಪ್ಯಾಫ್‌ಗೆ ಅಂಥ ಉಗ್ರಾಣ ಯಾವುದೂ ಇಲ್ಲ. ಬೀಸಣಿಗೆಯ ಹಾಗೆ ಹರಡಿದ ನಾಲ್ಕಾರು ಎಲೆ, ಕೆಳಗೆ ಕೂದಲು ಕೂದಲಾಗಿರುವ ಕೆಲವೇ ಕಂದು ಬೇರು, ಅಷ್ಟೇ. ಎಲೆಗಳು ಬಾಡಿ ಮೆತ್ತಗಾದವು. ಗಾಬರಿಯಾಗಿ ಏಪ್ರಿಲಿನಲ್ಲಿ ಮೂರನ್ನೂ ಬರೀ ತೆಂಗಿನ ನಾರಿನ ಹುಡಿಗೆ ಹಾಕಿದೆ. ಗಿಡ ಚೇತರಿಸಿಕೊಂಡಿತು. ಜೂನಿನಲ್ಲಿ ಮಳೆ ಹಿಡಿಯಿತು.

ನಮ್ಮ ಮಳೆಯ ಬಗ್ಗೆ ಹೊರಗಿನವರಿಗೆ ಹೇಳಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಳೆ ಬೀಳದ ಜಾಗದಲ್ಲಿಟ್ಟ ಚಟ್ಟಿಯೂ ಒಣಗುವುದಿಲ್ಲ, ಗಾಳಿಯೇ ಒದ್ದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ ನೋಡಿದರೆ ಸುಳಿಯ ಹತ್ತಿರ ಕಂದು ಕಲೆ, ಮುಟ್ಟಿದರೆ ನೀರು ಜಿನುಗಿತು, ಕೊಳೆತ ವಾಸನೆ ಬಂತು. ಮೂರು ದಿನದಲ್ಲಿ ಒಂದು ಗಿಡ ಹೋಯಿತು. ಎರಡನೆಯದು ಮತ್ತೆ ಒಂದು ವಾರಕ್ಕೆ. ಚಟ್ಟಿ ಬಗ್ಗಿಸಿ ನೋಡಿದೆ. ಬೇರಿನ ಒಳಗೆ ಏನೂ ಉಳಿದಿರಲಿಲ್ಲ, ಸಿಪ್ಪೆ ಮಾತ್ರ ಟೊಳ್ಳಾಗಿ ಕೈಗೆ ಬಂತು. ಆ ದಿನ ಬಹಳ ಬೇಜಾರಾಗಿತ್ತು.

ಮೂರನೆಯದರಲ್ಲಿ ಎರಡು ಎಲೆ ಕೊಳೆತಿತ್ತು. ಬ್ಲೇಡನ್ನು ಬೆಂಕಿಗೆ ಹಿಡಿದು ಕಲೆಯಿಂದ ಒಂದಿಂಚು ಒಳಗಿನವರೆಗೆ ಕತ್ತರಿಸಿದೆ. ಗಾಯಕ್ಕೆ ದಾಲ್ಚಿನ್ನಿ ಹುಡಿ ಮೆತ್ತಿದೆ. ಬೇರಿಗೆ ತಾಗಿಸಲಿಲ್ಲ, ದಾಲ್ಚಿನ್ನಿ ಬೇರನ್ನು ಒಣಗಿಸುತ್ತದೆ. ಅಡಿಕೆಗೆ ಬಿಡುವ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣ ಸೇರಿಸಿದ್ದು) ಸ್ವಲ್ಪ ಹಾಕು ಎಂದು ಇವರು ಹೇಳಿದರು. ತಾಮ್ರ ಕೆಲವು ಆರ್ಕಿಡ್‌ಗೆ ಆಗುವುದಿಲ್ಲ ಎಂದು ಓದಿದ್ದೆ, ಬೇಡ ಎಂದೆ. ಈಗಲೂ ತೋಟಕ್ಕೆ ಮದ್ದು ಬಿಡುವ ದಿನ ಚಟ್ಟಿಗಳನ್ನೆಲ್ಲ ಕೊಟ್ಟಿಗೆಯೊಳಗೆ ಇಡುತ್ತೇನೆ.

ಆ ಗಿಡವನ್ನು ಎಲ್ಲಿಡುವುದು ಎಂದು ಹುಡುಕುವಾಗ ಕಣ್ಣಿಗೆ ಬಿದ್ದದ್ದು ಸುರಂಗದ ಬಾಯಿ. ಅಲ್ಲಿ ಜರಿಗಿಡ ತಾನಾಗಿ ಬೆಳೆದಿತ್ತು. ಬೇಸಿಗೆಯಲ್ಲೂ ಅದು ಬಾಡಿದ್ದನ್ನು ನಾನು ನೋಡಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ಎರಡು ಗಂಟೆಗೆ ಅಂಗಳದಲ್ಲಿ 36 ಡಿಗ್ರಿ, ಸುರಂಗದ ಪಕ್ಕ 29. ಮುರಕಲ್ಲಿನ ಗುಡ್ಡೆಯೊಳಗಿನ ತಂಪು ಗಾಳಿಯೂ ತೊಟ್ಟಿಯ ಪಸೆಯೂ ಸೇರಿ ಹಾಗಾಗುತ್ತದೆ. ಬೇರೆಯವರು ದುಡ್ಡು ಕೊಟ್ಟು ಫ್ಯಾನು, ಮಂಜು ಹಾರಿಸುವ ಯಂತ್ರ ಇಡುತ್ತಾರಲ್ವಾ, ಅದನ್ನು ನಮ್ಮ ಹಿರಿಯರು ಗೊತ್ತಿಲ್ಲದೆಯೇ ನನಗಾಗಿ ಮಾಡಿಟ್ಟಿದ್ದರು. ಸುರಂಗ ಇಲ್ಲದವರು ಬಾವಿಕಟ್ಟೆಯ ಪಕ್ಕ, ಉತ್ತರಕ್ಕೆ ಮುಖ ಇರುವ ಗೋಡೆಯ ಬುಡ ನೋಡಬಹುದು. ನೆಲಕ್ಕೆ ಒದ್ದೆ ಮರಳು ಹಾಸಿದರೂ ಎರಡು ಮೂರು ಡಿಗ್ರಿ ಇಳಿದದ್ದನ್ನು ಕಂಡಿದ್ದೇನೆ.

ಇನ್ನು ಚಟ್ಟಿಗೆ ಏನು ತುಂಬುವುದು. ಇದರಲ್ಲಿ ನನಗೆ ಮೂರು ವರ್ಷ ಹೋಯಿತು. ಪ್ಯಾಫ್ ಬೇರಿಗೆ ಪಸೆ ಯಾವಾಗಲೂ ಬೇಕು, ಗಾಳಿಯೂ ಯಾವಾಗಲೂ ಬೇಕು. ಬರೀ ಇದ್ದಿಲಿನಲ್ಲಿ ಗಾಳಿ ಉಂಟು, ಪಸೆ ಇಲ್ಲ. ನಾರಿನ ಹುಡಿಯಲ್ಲಿ ಪಸೆ ಉಂಟು, ಗಾಳಿ ಇಲ್ಲ. ಈಗ ಹಾಕುವುದು ಹೀಗೆ: ನಾಲ್ಕು ಪಾಲು ತೆಂಗಿನ ಸಿಪ್ಪೆಯ ತುಂಡು, ಮೂರು ಪಾಲು ಗೆರಟೆ ಇದ್ದಿಲು, ಎರಡು ಪಾಲು ಹಳೆಯ ಮಂಗಳೂರು ಹೆಂಚಿನ ಚೂರು. ಎಲ್ಲವೂ ಅಡಿಕೆ ಹೋಳಿನ ಗಾತ್ರಕ್ಕಿಂತ ದೊಡ್ಡದಿರಬಾರದು. ಮೇಲೆ ಒಂದು ಹಿಡಿ ಕಪ್ಪೆಚಿಪ್ಪಿನ ಚೂರು. ಹಲವು ಪ್ಯಾಫ್‌ಗಳು ಸುಣ್ಣಕಲ್ಲಿನ ಬೆಟ್ಟದವು. ನಮ್ಮ ಮುರಕಲ್ಲಿನ ನೀರು ಹುಳಿ ಜಾತಿಯದು, ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಿಪ್ಪು ಹಾಕಿದ ಮೇಲೆ ಹೊಸ ಬೇರು ದಪ್ಪಗೆ ಬರುವುದನ್ನು ಕಂಡೆ.

ತೆಂಗಿನ ಸಿಪ್ಪೆಯನ್ನು ಹಾಗೇ ಹಾಕಬಾರದು. ಅದರಲ್ಲಿ ಚೊಗರೂ ಉಂಟು, ಉಪ್ಪೂ ಉಂಟು. ಒಂದು ವಾರ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸುತ್ತೇನೆ. ಮೊದಲ ದಿನ ಚಹಾದ ಬಣ್ಣದ ನೀರು ಬರುತ್ತದೆ. ಅದು ತಿಳಿಯಾಗುವವರೆಗೆ ಬಿಡುವುದಿಲ್ಲ.

ಚಟ್ಟಿ ಸಣ್ಣದೇ ಇರಲಿ. ನಾಲ್ಕು ಇಂಚಿನ ಪ್ಲಾಸ್ಟಿಕ್ ಚಟ್ಟಿ ಸಾಕು. ಗಿಡ ಬೆಳೆಯಲಿ ಎಂದು ದೊಡ್ಡದಕ್ಕೆ ಹಾಕಿದರೆ ನಡುವಿನ ಭಾಗ ತಿಂಗಳುಗಟ್ಟಲೆ ಒದ್ದೆಯಾಗಿಯೇ ಉಳಿದು ಬೇರು ಕೊಳೆಯುತ್ತದೆ. ಕಾಯಿಸಿದ ಸರಳಿನಿಂದ ಬದಿಗಳಲ್ಲೂ ತೂತು ಮಾಡುತ್ತೇನೆ. ಮತ್ತೆ ಚಟ್ಟಿಯನ್ನು ಸ್ವಲ್ಪ ವಾರೆಯಾಗಿ ಇಡುತ್ತೇನೆ. ಕಾಡಿನಲ್ಲಿ ಅದು ಇಳಿಜಾರಿನ ಗಿಡ, ಸುಳಿಗೆ ಬಿದ್ದ ನೀರು ತಾನೇ ಜಾರಿ ಹೋಗುತ್ತದೆ. ವಾರೆ ಇಡಲು ಶುರು ಮಾಡಿದ ಮೇಲೆ ಸುಳಿಕೊಳೆ ನನ್ನಲ್ಲಿ ಒಂದೇ ಒಂದು ಸಲ ಬಂದಿದೆ.

ಮೇಲಿನ ಮಾಡಿನ ಕೆಲಸ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಮೊದಲೇ ಮುಗಿಯಬೇಕು. ಬೆಳಕು ಬಿಡುವ ಶೀಟು, ಅದರ ಮೇಲೆ ನೂರಕ್ಕೆ 75 ಪಾಲು ಬೆಳಕು ತಡೆಯುವ ಶೇಡ್ ನೆಟ್. ಮಳೆಗಾಲದಲ್ಲಿ ಬೆಳಕೇ ಕಡಿಮೆ, ಆಗ ನೆಟ್ ತೆಗೆಯುತ್ತೇನೆ. ಅಕ್ಟೋಬರಿನಲ್ಲಿ ಮತ್ತೆ ಹಾಕುತ್ತೇನೆ. ಬದಿಗಳನ್ನು ಮುಚ್ಚುವುದಿಲ್ಲ, ಗಾಳಿ ಆಡಬೇಕು.

ನೀರು ಸುರಂಗದ್ದೇ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸುರಂಗದ ನೀರು 30ರ ಹತ್ತಿರ ತೋರಿಸಿತು, ಬೋರ್‌ವೆಲ್ಲಿನದು 240. ಬೆಳಿಗ್ಗೆ ಒಂಬತ್ತರ ಒಳಗೆ ಹಾಕಿದರೆ ರಾತ್ರಿಗೆ ಎಲೆ ಒಣಗಿರುತ್ತದೆ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ, ಆಟಿಯಲ್ಲಿ ಹತ್ತು ದಿನಕ್ಕೊಮ್ಮೆ ಆಗಬಹುದು. ದಿನ ಎಣಿಸುವುದಕ್ಕಿಂತ ಚಟ್ಟಿ ಎತ್ತಿ ನೋಡುವುದು ಒಳ್ಳೆಯದು. ಭಾರ ಕೈಗೆ ಗೊತ್ತಾಗಲು ಒಂದು ತಿಂಗಳು ಸಾಕು. ಗೊಬ್ಬರ ತೀರ ಕಡಿಮೆ. ಒಂದು ಲೀಟರಿಗೆ ಅರ್ಧ ಗ್ರಾಂ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ), ಹದಿನೈದು ದಿನಕ್ಕೊಮ್ಮೆ. ನೆಲಗಡಲೆ ಹಿಂಡಿಯ ನೀರು ಒಮ್ಮೆ ಹಾಕಿ ಚಟ್ಟಿಯಲ್ಲೆಲ್ಲ ಹುಳವಾಯಿತು. ಮತ್ತೆ ಹಾಕಿಲ್ಲ.

ಉಳಿದ ಆ ಮೂರನೆಯ ಗಿಡಕ್ಕೆ ಮೊಗ್ಗು ಬಂದದ್ದು ಎರಡು ವರ್ಷದ ಮೇಲೆ, ನವೆಂಬರಿನಲ್ಲಿ. ಎಲೆಗಳ ನಡುವಿನಿಂದ ಒಂದು ಹಸಿರು ಹಾಳೆ ಇಣುಕಿತು. ಒಂದು ರಾತ್ರಿ ಬಸವನಹುಳು ಅದನ್ನು ಬುಡದವರೆಗೆ ತಿಂದು ಹಾಕಿತು. ಒಂದು ಎಲೆಗೊಂಚಲು ಹೂ ಬಿಡುವುದು ಒಂದೇ ಸಲ, ಆಮೇಲೆ ಹೂ ಬೇಕಿದ್ದರೆ ಬುಡದಿಂದ ಹೊಸ ಕಂದು, ಅಂದರೆ ಮರಿಗಿಡ, ಬಂದು ಬಲಿಯಬೇಕು. ಅಂದರೆ ಮತ್ತೆ ಕಾಯಬೇಕಾಯಿತು. ಮರುದಿನವೇ ಕಬ್ಬಿಣದ ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಗೆರಟೆಯಲ್ಲಿ ಇಟ್ಟೆ. ಈಗ ಗೆರಟೆಯ ಬದಲು ಸ್ಟೀಲ್ ಬಟ್ಟಲು. ಸೊಳ್ಳೆ ಆಗದಂತೆ ವಾರಕ್ಕೆರಡು ಸಲ ನೀರು ಚೆಲ್ಲಬೇಕು.

ಮುಂದಿನ ಕಂದು ಹೂ ಬಿಡಲು ಹದಿನಾಲ್ಕು ತಿಂಗಳು ತೆಗೆದುಕೊಂಡಿತು. ಅದರಲ್ಲಿ ಮೊಗ್ಗು ಕಂಡ ಮೇಲೆ ಅರಳಲು ಎರಡು ತಿಂಗಳು. ಆ ಸಮಯದಲ್ಲಿ ಚಟ್ಟಿಯನ್ನು ತಿರುಗಿಸಬಾರದು, ಬೆಳಕಿನ ಕಡೆ ತಿರುಗಲು ಹೋಗಿ ಹೂವಿನ ಕುತ್ತಿಗೆ ಸೊಟ್ಟಗಾಗುತ್ತದೆ. ನಾನು ಚಟ್ಟಿಗೆ ಸುಣ್ಣದ ಬೊಟ್ಟಿಟ್ಟು ಅದೇ ದಿಕ್ಕಿಗೆ ಇಡುತ್ತಿದ್ದೆ. ಜನವರಿಯ ಕೊನೆಗೆ ಅರಳಿತು. ಮೇಲಿನ ಅಗಲ ಎಸಳು ಬಿಳಿ, ಅದರಲ್ಲಿ ದ್ರಾಕ್ಷಿ ಬಣ್ಣದ ಗೀಟುಗಳು. ಬದಿಯ ಎರಡು ಎಸಳಿನ ಅಂಚಿಗೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಪ್ರತಿ ಚುಕ್ಕಿಯಲ್ಲೂ ಒಂದೊಂದು ಕೂದಲು. ಮುಂದೆ ಮೆರುಗು ಹಚ್ಚಿದ ಚಪ್ಪಲಿ. ಅತ್ತೆಗೆ ಎಂಬತ್ತು ದಾಟಿದೆ. ಕೋಲೂರಿ ಅಲ್ಲಿವರೆಗೆ ಬಂದು ಬಗ್ಗಿ ನೋಡಿ, "ಎಂತ ಮಾರಾಯ್ತಿ, ಹೂವಿಗೆ ಚೀಲ ಉಂಟಲ್ಲ! ಇದರೊಳಗೆ ಎಂತ ಇಟ್ಟುಕೊಳ್ತದೆ?" ಎಂದರು.

ಇಟ್ಟುಕೊಳ್ಳುವುದು ಕೀಟವನ್ನು, ಅದೂ ಸ್ವಲ್ಪ ಹೊತ್ತು ಮಾತ್ರ ಎಂದು ಹೇಳಿದೆ. ನೊಣ ಚೀಲಕ್ಕೆ ಜಾರಿ ಬೀಳುತ್ತದೆ. ಬಂದ ದಾರಿಯಲ್ಲಿ ಹತ್ತಲು ಆಗುವುದಿಲ್ಲ, ಒಳಗೋಡೆ ನುಣುಪು. ಹಿಂದಿನ ಕಡೆ ಕೂದಲಿನ ಏಣಿ ಉಂಟು. ಅದನ್ನು ಹತ್ತಿ ಎರಡು ಕಿಂಡಿಗಳಲ್ಲಿ ಒಂದರಿಂದ ಹೊರಬರುವಾಗ ಬೆನ್ನಿಗೆ ಪರಾಗ ಅಂಟುತ್ತದೆ. ಮುಂದಿನ ಹೂವಿನ ಚೀಲಕ್ಕೆ ಬಿದ್ದಾಗ ಅದು ಅಲ್ಲಿಗೆ ಮುಟ್ಟುತ್ತದೆ. ಅತ್ತೆ ಇದನ್ನೆಲ್ಲ ಕೇಳಿ, ದಿನಾ ಬೆಳಿಗ್ಗೆ ನೊಣ ಬಿದ್ದಿದೆಯಾ ಎಂದು ವಿಚಾರಿಸುತ್ತಿದ್ದರು. ಆ ಹೂ ಮಾರ್ಚ್ ಎರಡನೇ ವಾರದವರೆಗೆ ಇತ್ತು.

ಕಂದು ಜಾಸ್ತಿಯಾದಾಗ ಬಿಡಿಸಿ ಹಂಚುವ ಆಸೆ ಬರುತ್ತದೆ. ಮೂರು ಗೊಂಚಲಿನ ಗಿಡವನ್ನು ನಾನು ಒಮ್ಮೆ ಮೂರು ಚಟ್ಟಿ ಮಾಡಿದೆ. ಮೂರೂ ಎರಡು ವರ್ಷ ಅಲ್ಲಾಡಲಿಲ್ಲ. ಈಗ ಆರು ಗೊಂಚಲು ಆಗುವವರೆಗೆ ಕೈ ಹಾಕುವುದಿಲ್ಲ, ಆದಾಗ ಮೂರು ಮೂರಾಗಿ ಬಿಡಿಸುತ್ತೇನೆ. ಚಟ್ಟಿಯ ಮಿಶ್ರಣವನ್ನು ಮಾತ್ರ ಪ್ರತಿ ವರ್ಷ ಅಕ್ಟೋಬರಿನಲ್ಲಿ ಬದಲಿಸಲೇಬೇಕು. ನಮ್ಮ ಮಳೆಗೆ ತೆಂಗಿನ ಸಿಪ್ಪೆ ಬೇಗ ಕೊಳೆತು ಹುಡಿಯಾಗುತ್ತದೆ.

ಒಂದು ಗಿಡ ಮಾತ್ರ ನನ್ನಲ್ಲಿ ಒಲಿಯಲಿಲ್ಲ. ಇನ್‌ಸಿಗ್ನೆ ಎಂಬ ಈಶಾನ್ಯದ ಜಾತಿ, ಬರೀ ಹಸಿರು ಎಲೆಯದು. ಐದು ವರ್ಷ ಸುರಂಗದ ಪಕ್ಕದಲ್ಲೇ ಇತ್ತು. ಎಲೆ ಮೇಲೆ ಎಲೆ ಬಂತು, ಕಂದು ಬಂತು, ಮೊಗ್ಗು ಬರಲಿಲ್ಲ. ಅದಕ್ಕೆ ಮಳೆಗಾಲ ಮುಗಿದ ಮೇಲೆ ಕೆಲವು ವಾರ ರಾತ್ರಿ 12, 13 ಡಿಗ್ರಿ ಸಿಗಬೇಕು. ಸುರಂಗ ಮಧ್ಯಾಹ್ನದ ಸೆಕೆಯನ್ನು ಇಳಿಸುತ್ತದೆ, ರಾತ್ರಿಯನ್ನು ಅಷ್ಟು ತಂಪು ಮಾಡುವುದಿಲ್ಲ. ಕೊನೆಗೆ ಮಡಿಕೇರಿಯಲ್ಲಿರುವ ತಂಗಿಗೆ ಕೊಟ್ಟೆ. ಅವಳು ಅದನ್ನು ಹಿಂದಿನ ಜಗಲಿಯಲ್ಲಿ ಇಟ್ಟಳು, ಬೇರೇನೂ ವಿಶೇಷ ಮಾಡಲಿಲ್ಲ. ಕಳೆದ ಡಿಸೆಂಬರಿನಲ್ಲಿ ಫೋಟೋ ಕಳಿಸಿದಳು. ಎರಡು ಹೂ, ಜೇನಿನ ಬಣ್ಣದ ಚಪ್ಪಲಿ. "ಅಕ್ಕಾ, ಒಂದು ಕಂದು ಬಿಡಿಸಿ ಕಳಿಸಲಾ?" ಎಂದು ಕೇಳಿದಳು. ಬೇಡ, ಅದು ಅಲ್ಲೇ ಇರಲಿ, ಹೂವಿದ್ದಾಗ ನಾನೇ ಬಂದು ನೋಡುತ್ತೇನೆ ಎಂದೆ.