ಕರಾವಳಿಗೆ ಬಂದರೆ ಊಟ ಎಲ್ಲಿ, ಯಾವ ಹೊತ್ತಿಗೆ, ಹೇಗೆ?

ರಜೆ ಹತ್ತಿರ ಬಂತು ಅಂದರೆ ಬೆಂಗಳೂರಿನ ಗೆಳೆಯರಿಂದ ನನಗೆ ಒಂದೇ ಪ್ರಶ್ನೆ. ‘ಉಡುಪಿ, ಮಂಗಳೂರಿಗೆ ಹೊರಟಿದ್ದೇವೆ. ಒಳ್ಳೆ ಹೋಟೆಲ್ ಯಾವುದು?’ ಹೆಸರು ಹೇಳುವುದು ಸುಲಭ. ಆದರೆ ನಮ್ಮ ಕಡೆ ಹೋಟೆಲಿನ ಹೆಸರಿಗಿಂತ ಹೊತ್ತು ಮುಖ್ಯ. ಅದೇ ಹೋಟೆಲು, ಅದೇ ಅಡುಗೆಯವರು, ಆದರೆ ಹನ್ನೆರಡೂವರೆಗೆ ಸಿಕ್ಕ ಮೀನು ಮೂರೂವರೆಗೆ ಸಿಗುವುದಿಲ್ಲ. ಬೀಚ್ ಮುಗಿಸಿ, ಸ್ನಾನ ಮಾಡಿ, ಆರಾಮಾಗಿ ಊಟಕ್ಕೆ ಹೋಗೋಣ ಅಂದುಕೊಂಡವರಿಗೆ ಉಳಿಯುವುದು ಸಾರು ಅನ್ನ ಮಾತ್ರ. ಅದಕ್ಕೇ ಊಟದ ಹೊತ್ತು ಮೊದಲು ಇಟ್ಟುಕೊಳ್ಳಿ, ಬೀಚು ಆಮೇಲೆ.

ಬೆಳಗ್ಗೆ ಉಡುಪಿಯಲ್ಲಿದ್ದರೆ ರಥಬೀದಿಗೆ ಹೋಗಿ. ಕೃಷ್ಣ ಮಠದ ಪಕ್ಕದಲ್ಲೇ ಮಿತ್ರ ಸಮಾಜ ಇದೆ. ಹಳೇ ಹೋಟೆಲು, ಜನ ಜಾಸ್ತಿ, ಖಾಲಿ ಕುರ್ಚಿ ಕಂಡ ಕಡೆ ಕೂತುಬಿಡಿ. ಬನ್ಸ್ ಮತ್ತು ಗೋಳಿಬಜೆ (ನೀವು ಮಂಗಳೂರು ಬಜ್ಜಿ ಅನ್ನುವುದು) ಹೇಳಿ. ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಮೈದಾ, ಮೊಸರು, ಜೀರಿಗೆ ಹಾಕಿ ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಎಣ್ಣೆಯಲ್ಲಿ ಕರಿಯುವುದು. ಮುರಿದಾಗ ಒಳಗಿಂದ ಸಣ್ಣಗೆ ಹಬೆ ಬರಬೇಕು, ಬಾಳೆಹಣ್ಣಿನ ವಾಸನೆ ಬರಬೇಕು. ತಣ್ಣಗಾದರೆ ಅದರ ಅರ್ಧ ರುಚಿ ಹೋಯಿತು. ಹಾಗಾಗಿ ‘ಬಿಸಿ ಉಂಟಾ?’ ಅಂತ ಕೇಳಿಯೇ ತೆಗೆದುಕೊಳ್ಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಂಗಳೂರಿನಲ್ಲಿದ್ದರೆ ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಕೆಫೆಗೆ ಹೋಗಿ, ಅಲ್ಲಿಯ ತುಪ್ಪದ ದೋಸೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ಸಸ್ಯಾಹಾರಿಗಳಿಗೆ ಮಧ್ಯಾಹ್ನ ಮಠದ ಊಟ ಇದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಸಾಲಾಗಿ ಕೂತು ಉಣ್ಣಬೇಕು. ಉಡುಪಿ ಅಡುಗೆಯ ಬೇರು ಇರುವುದು ಇಲ್ಲೇ. ಇಂಥ ಅಡುಗೆಮನೆಗಳ ರುಚಿಯೇ ಊರೂರಿಗೆ ಹೋಗಿ ಉಡುಪಿ ಹೋಟೆಲ್ ಆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ ಕೂಡ ಉಡುಪಿ ಜಿಲ್ಲೆಯ ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರದ್ದೇ ಅಲ್ವಾ. ಚಳಿಗಾಲದಲ್ಲಿ ಬಂದವರು ಮಟ್ಟುಗುಳ್ಳ ಸಿಗುತ್ತದಾ ಅಂತ ವಿಚಾರಿಸಿ. ಉಡುಪಿ ಹತ್ತಿರದ ಮಟ್ಟು ಊರಿನಲ್ಲಿ ಬೆಳೆಯುವ ಹಸಿರು ಬದನೆ ಅದು, ಆ ಊರಿನದ್ದೇ ಬೆಳೆ ಅನ್ನುವ ಜಿಐ ಮಾನ್ಯತೆಯೂ ಇದೆ. ಸಾಂಬಾರಿನಲ್ಲಿ ಬೆಣ್ಣೆಯ ಹಾಗೆ ಬೇಯುತ್ತದೆ.

ಈಗ ಮೀನಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೊದಲು ತಿಂಗಳು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತರುವುದಷ್ಟೇ ತಾಜಾ ಮೀನು. ಒಂದು ಸಲ ಜುಲೈನಲ್ಲಿ ಬೀಚ್ ಪಕ್ಕದ ಒಂದು ಹೋಟೆಲಿನಲ್ಲಿ ಅಂಜಲ್ (ಸುರ್ಮೈ) ಫ್ರೈ ಹೇಳಿದೆ. ಮಸಾಲೆ ಚೆನ್ನಾಗಿತ್ತು. ಒಳಗೆ ಮೀನು ಹತ್ತಿಯ ಹಾಗೆ ಒಣಗಿ, ಅಗಿದಷ್ಟೂ ನೀರಸ. ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ. ಜೊತೆಗಿದ್ದ ಅತ್ತಿಗೆ ಮೊದಲ ಸಲ ನಮ್ಮೂರಿನ ಮೀನು ತಿನ್ನುತ್ತಿದ್ದರು, ‘ಇಷ್ಟೇನಾ?’ ಅಂದರು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಹಾಗಾಗಿ ಆ ಎರಡು ತಿಂಗಳು ಬಂದವರು ಅಂಜಲ್, ಪಾಂಫ್ರೆಟ್ ಹಿಂದೆ ಹೋಗಬೇಡಿ. ಮಳೆಗಾಲಕ್ಕೆ ಅದರದ್ದೇ ಅಡುಗೆ ಇದೆ. ಕೆಸುವಿನ ಎಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಒಣಮೀನಿನ ಚಟ್ನಿ, ಕೋಳಿ ಸಾರಿನ ಕೋರಿ ರೊಟ್ಟಿ. ಇವನ್ನು ಕೇಳಿ ತಿಂದರೆ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ.

ಆಮೇಲೆ ಮೆನು ಕಾರ್ಡ್ ಪಕ್ಕಕ್ಕಿಡಿ. ಬಡಿಸುವವರನ್ನು ಕೇಳಿ. ‘ಅಣ್ಣಾ, ಇವತ್ತು ಎಂತ ಮೀನು ಒಳ್ಳೆದುಂಟು?’ ಇಷ್ಟೇ ಸಾಕು. ದೋಣಿಗಳು ಮೀನು ಇಳಿಸುವ ದಕ್ಕೆಗೆ ಬೆಳಗ್ಗೆ ಏನು ಬಂದಿದೆ ಅಂತ ಅವರಿಗೆ ಗೊತ್ತಿರುತ್ತದೆ. ಮಂಗಳೂರಿನಲ್ಲಿ ಬಂದರಿನ ನಾರಾಯಣ, ರಥಬೀದಿ ಕಡೆಯ ಗಿರಿಮಂಜಾಸ್, ಆಮೇಲೆ ಮಚ್ಲಿ, ಈ ಮೂರರಲ್ಲಿ ಯಾವುದಕ್ಕೆ ಹೋದರೂ ಮಧ್ಯಾಹ್ನ ಕ್ಯೂ ಇರುತ್ತದೆ. ಎಸಿ, ಮೆತ್ತನೆ ಸೋಫಾ ಹುಡುಕಬೇಡಿ. ಗಿರಿಮಂಜಾಸ್‌ನಲ್ಲಿ ಜಾಗವೇ ಚಿಕ್ಕದು, ನಿಮ್ಮ ಊಟ ಮುಗಿಯುವಾಗ ಇನ್ನೊಬ್ಬರು ಹಿಂದೆ ನಿಂತಿರುತ್ತಾರೆ. ಅದಕ್ಕೆ ಗಾಬರಿ ಬೇಡ, ನಿಧಾನಕ್ಕೆ ಉಣ್ಣಿ.

ಕೂತ ತಕ್ಷಣ ಒಂದು ಪ್ರಶ್ನೆ ಬರುತ್ತದೆ. ‘ಕುಚ್ಚಲಕ್ಕಿಯಾ, ಬೆಳ್ತಿಗೆಯಾ?’ ಬೆಳ್ತಿಗೆ ಅಂದರೆ ನೀವು ಮನೆಯಲ್ಲಿ ಉಣ್ಣುವ ಬಿಳಿ ಅನ್ನ. ದಯವಿಟ್ಟು ಕುಚ್ಚಲಕ್ಕಿ ಹೇಳಿ. ದಪ್ಪ ಕಾಳು, ಕೆಂಪು ಬಣ್ಣ, ಮೊದಲ ತುತ್ತು ವಿಚಿತ್ರ ಅನ್ನಿಸಬಹುದು. ಆದರೆ ತೆಂಗಿನಕಾಯಿ ಅರೆದ ಮೀನಿನ ಸಾರಿಗೆ ಆ ಅನ್ನವೇ ಸರಿ.

ಯಾವ ಮೀನಿಗೆ ಏನು ಹೇಳಬೇಕು ಅಂತ ಗೊಂದಲ ಇದ್ದರೆ ನನ್ನ ಲೆಕ್ಕ ಇದು. ಕಾಣೆ ಮೀನು (ಲೇಡಿಫಿಶ್) ಆದರೆ ರವಾ ಫ್ರೈ, ಅದರ ಮೃದು ಮಾಂಸಕ್ಕೆ ಹೊರಗಿನ ಗರಿಗರಿ ಬೇಕು. ಬಂಗುಡೆ (ಮ್ಯಾಕರೆಲ್), ಅಂಜಲ್ ಆದರೆ ತವಾ ಫ್ರೈ. ಬೂತಾಯಿ (ಸಾರ್ಡೀನ್) ಸಿಕ್ಕರೆ ಪುಳಿಮುಂಚಿ ಮಸಾಲೆ, ಹುಳಿ ಖಾರ ಎರಡೂ ಜೋರಾಗಿರುತ್ತದೆ. ಮುಳ್ಳು ಜಾಸ್ತಿ ಅಂತ ಜನ ಬೂತಾಯಿ ಬಿಡುತ್ತಾರೆ, ಬೆಲೆಯೂ ಕಡಿಮೆ, ಆದರೆ ನನ್ನನ್ನು ಕೇಳಿದರೆ ರುಚಿಯಲ್ಲಿ ಅದು ಪಾಂಫ್ರೆಟ್‌ಗಿಂತ ಮೇಲೆ. ಮೀನು ತಾಜಾ ಇದ್ದರೆ ಬೆರಳು ಇಟ್ಟ ಕೂಡಲೇ ಮಾಂಸ ಪದರಪದರವಾಗಿ ಮುಳ್ಳು ಬಿಟ್ಟು ಬರುತ್ತದೆ. ಇನ್ನೊಂದು ಮಾತು, ದೊಡ್ಡ ಮೀನಿಗೆ ಮೆನುವಿನಲ್ಲಿ ಎಷ್ಟೋ ಸಲ ಬೆಲೆ ಬರೆದಿರುವುದಿಲ್ಲ, ಗಾತ್ರ ನೋಡಿ ಹೇಳುತ್ತಾರೆ. ಮೀನು ತೋರಿಸಿ ಅನ್ನಿ, ಬೆಲೆ ಕೇಳಿ, ಆಮೇಲೆ ಹೂಂ ಅನ್ನಿ. ಕೇಳುವುದರಲ್ಲಿ ಸಂಕೋಚ ಬೇಡ.

ಕೋಳಿ ತಿನ್ನುವವರು ಕುಂದಾಪುರ ಬಿಡಬೇಡಿ. ಉಡುಪಿಯಿಂದ ಸುಮಾರು 40 ಕಿಲೋಮೀಟರ್. ಅಲ್ಲಿಯ ಶೆಟ್ಟಿ ಲಂಚ್ ಹೋಮ್ 1957ರದ್ದು, ಚಿಕನ್ ಘೀ ರೋಸ್ಟ್ ಅಂದ ಕೂಡಲೇ ಮೊದಲು ಬರುವ ಹೆಸರು ಅದೇ. ಈಗ ಘೀ ರೋಸ್ಟ್ ಎಲ್ಲ ಊರಲ್ಲೂ ಸಿಗುತ್ತದೆ, ಆದರೆ ಬಹಳ ಕಡೆ ಕೆಂಪು ಬಣ್ಣದ ಗ್ರೇವಿ ಮಾಡಿ ಮೇಲೆ ತುಪ್ಪ ಸುರಿಯುತ್ತಾರೆ. ಅದು ಘೀ ರೋಸ್ಟ್ ಅಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು, ಹುಳಿ ಬೆಳ್ಳುಳ್ಳಿ ಹಾಕಿ ಗಟ್ಟಿಯಾಗಿ ಅರೆದು, ಆ ಮಸಾಲೆಯನ್ನು ತುಪ್ಪದಲ್ಲೇ ಸಣ್ಣ ಉರಿಯಲ್ಲಿ ಬಾಡಿಸಬೇಕು. ಹಸಿ ವಾಸನೆ ಹೋಗಿ, ಮಸಾಲೆ ಕಡುಗೆಂಪಾಗಿ, ಬದಿಯಲ್ಲಿ ತುಪ್ಪ ಬಿಟ್ಟುಕೊಳ್ಳುವವರೆಗೂ ಕೈಯಾಡಿಸುತ್ತಾ ನಿಲ್ಲಬೇಕು. ಇದಕ್ಕೆ ತೆಂಗಿನಕಾಯಿ ಇಲ್ಲ, ಸಾರೂ ಇಲ್ಲ. ತಟ್ಟೆಯಲ್ಲಿ ನೀರು ಹರಿಯದೆ ಮಸಾಲೆ ಕೋಳಿಗೆ ಅಂಟಿಕೊಂಡಿರಬೇಕು. ಜೊತೆಗೆ ನೀರುದೋಸೆ ಹೇಳಿ, ಬೇರೆ ಏನೂ ಬೇಡ.

ಕೋರಿ ರೊಟ್ಟಿಗೂ ಒಂದು ಕ್ರಮ ಇದೆ. ಒಣ ರೊಟ್ಟಿಯನ್ನು ಮುರಿದು ತಟ್ಟೆಯಲ್ಲಿ ಹರಡಿ, ಕೋಳಿ ಸಾರು ಧಾರಾಳವಾಗಿ ಹಾಕಿ, ಒಂದು ನಿಮಿಷ ಬಿಡಿ. ಅಡಿಯಲ್ಲಿ ಮೆತ್ತಗೆ, ಮೇಲೆ ಇನ್ನೂ ಗರಿಗರಿ ಇರುವಾಗ ಕೈ ಹಾಕಿ. ಚಮಚ ಬೇಡ.

ಸಂಜೆಗೆ ಐಸ್‌ಕ್ರೀಮ್. ಗ್ಲಾಸಿನಲ್ಲಿ ಹಣ್ಣು, ಐಸ್‌ಕ್ರೀಮ್ ಪದರಪದರವಾಗಿ ಹಾಕಿ ಕೊಡುವ ಗಡ್‌ಬಡ್ ಮೊದಲು ಮಾಡಿದ್ದು ಉಡುಪಿಯ ಡಯಾನಾ ಅಂತ ಉಡುಪಿಯವರು, ಐಡಿಯಲ್ ಅಂತ ಮಂಗಳೂರಿನವರು. ಎರಡೂ ಕಡೆ ತಿನ್ನಿ. ಐಡಿಯಲ್ 1975ರಲ್ಲಿ ಪ್ರಭಾಕರ ಕಾಮತ್ ಶುರುಮಾಡಿದ್ದು, ಲಾಲ್‌ಬಾಗಿನ ಪಬ್ಬಾಸ್ ಅವರದ್ದೇ. ರಾತ್ರಿ ಊಟ ಆದ ಮೇಲೆ ಅಲ್ಲಿ ಇಡೀ ಮಂಗಳೂರೇ ಇರುತ್ತದೆ, ಸಂಜೆ ನಾಲ್ಕರ ಸುಮಾರಿಗೆ ಹೋದರೆ ಆರಾಮ.

ಹೊಸ ಅಡುಗೆಯವರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಹೆಸರು ಮೊಹಮ್ಮದ್ ಆಶಿಕ್. ಮಂಗಳೂರಿನಲ್ಲಿ ಕುಲುಕ್ಕಿ ಹಬ್ ಅನ್ನುವ ಜ್ಯೂಸ್ ಅಂಗಡಿ ನಡೆಸುತ್ತಿದ್ದ ಹುಡುಗ, 2023ರಲ್ಲಿ ಟಿವಿಯ ಅಡುಗೆ ಸ್ಪರ್ಧೆ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದರು. ನಮ್ಮ ಕಡೆ ಹೋಟೆಲಿನ ಹೆಸರು ಎಲ್ಲರಿಗೂ ಗೊತ್ತು, ಒಳಗೆ ಒಲೆ ಮುಂದೆ ನಿಂತವರ ಹೆಸರು ಯಾರೂ ಕೇಳುವುದಿಲ್ಲ. ಊಟ ಇಷ್ಟವಾದರೆ ಕೈ ತೊಳೆದು ಹೋಗುವಾಗ ಅಡುಗೆಮನೆ ಬಾಗಿಲಲ್ಲಿ ಒಂದು ಮಾತು ಹೇಳಿ ಹೋಗಿ. ನಾನು ಹೇಳಿದಾಗಲೆಲ್ಲ ಒಳಗಿನಿಂದ ಯಾರಾದರೂ ಬಂದು ‘ರಾತ್ರಿ ಬನ್ನಿ, ಮರ್ವಾಯಿ (ಚಿಪ್ಪುಮೀನು) ಉಂಟು’ ಅಂತಲೋ ‘ನಾಳೆ ಪುಂಡಿ (ಅಕ್ಕಿ ಕಡುಬು) ಮಾಡ್ತೇವೆ’ ಅಂತಲೋ ಹೇಳಿದ್ದಾರೆ. ಮೆನುವಿನಲ್ಲಿ ಇಲ್ಲದ ಅಡುಗೆ ಸಿಗುವುದು ಹೀಗೆ.

ವಾಪಸ್ ಹೊರಡುವಾಗ ಕೋರಿ ರೊಟ್ಟಿಗೆ ಬೇಕಾದ ಒಣ ರೊಟ್ಟಿ ಪ್ಯಾಕೆಟ್ ತೆಗೆದುಕೊಳ್ಳಿ, ಬಹಳ ದಿನ ಇಡಬಹುದು. ಬ್ಯಾಗಿನ ಒಳಗೆ ಬಟ್ಟೆ ಅಡಿಗೆ ತುರುಕಬೇಡಿ, ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಪುಡಿಯಾಗಿರುತ್ತದೆ. ತೊಡೆ ಮೇಲೇ ಇಟ್ಟುಕೊಳ್ಳಿ.